ಕಂಬದ ಆಚೆ ಬದಿ

ಹುಡುಗಿಯರ ಹಾಸ್ಟೆಲ್, ಓದುವ ಕೋಣೆ
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ, ಕಾಗದ ಬರೆದದ್ದಕ್ಕೆ. ಮೊನ್ನೆ ತಾನೇ ಫೋನಿನಲ್ಲಿ ಮಾತಾಡಿದವಳು, ನಾಳೆ ಮತ್ತೆ ಮಾತಾಡಬಹುದಾದವಳು, ಹೀಗೆ ಹಾಳೆ ಹಿಡಿದು ಕೂತರೆ ನಿನಗೆ ಗಾಬರಿಯಾಗುತ್ತದೆ ಎಂದು ಗೊತ್ತು. ಗಾಬರಿ ಬೇಡ. ಜ್ವರ ಬಂದಿಲ್ಲ, ಫೇಲ್ ಆಗಿಲ್ಲ, ಯಾರ ಜೊತೆಗೂ ಕಿತ್ತಾಡಿಕೊಂಡಿಲ್ಲ. ಫೋನಿನಲ್ಲಿ ನೀನು "ಹೂಂ, ಹೇಳೇ" ಅಂದ ಕೂಡಲೇ ಹೇಳಬೇಕಾದದ್ದು ಬಿಟ್ಟು ನನಗೆ ಬೇರೆಲ್ಲ ನೆನಪಾಗುತ್ತದೆ. ಮೆಸ್ಸಿನ ಊಟ, ಒಣಗದ ಬಟ್ಟೆ, ಲೈಬ್ರರಿಯ ಕೆಟ್ಟ ಫ್ಯಾನು, ಇಷ್ಟೆಲ್ಲ ವರದಿ ಒಪ್ಪಿಸಿ "ಸರಿ, ಇಡ್ತೀನಿ" ಅಂತ ಇಟ್ಟುಬಿಡುತ್ತೇನೆ. ಈ ವಾರವೂ ಹಾಗೇ ಆಯಿತು. ಇಂಗ್ಲಿಷಿನಲ್ಲಿ ಬರೆಯೋಣ ಎಂದು ಹೊರಟೆ, ಸರಾಗವಾಗಿ ಬಂತು, ಓದಿ ನೋಡಿದರೆ ಪ್ರಿನ್ಸಿಪಾಲರಿಗೆ ಕೊಟ್ಟ ದೂರಿನ ಹಾಗಿತ್ತು. ಹರಿದು ಹಾಕಿದೆ. "ಕೋಪ ಬಂದ್ರೆ ನೀನು ಇಂಗ್ಲಿಷ್ ಒಳಗೆ ಹೋಗಿ ಚಿಲಕ ಹಾಕ್ಕೋತೀಯ" ಎಂದು ನೀನೇ ಹೇಳುತ್ತಿದ್ದೆಯಲ್ಲ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ದಯವಿಟ್ಟು ಕೆಂಪು ಪೆನ್ನು ಹಿಡಿಯಬೇಡ.

ಹೇಗಿದ್ದೀಯ? ಅಮ್ಮನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಬೇಡಮ್ಮ ಅಂದರೆ "ನಾನೇನು ಮುದುಕೀನಾ" ಅಂತ ಇನ್ನೊಂದು ಸಲ ಹತ್ತಿ ಇಳಿಯುವವಳು ಅವಳು, ನೀನೇ ಸ್ವಲ್ಪ ಗದರಿಸು. ನಿನ್ನ ಕತ್ತು? ದಿನವಿಡೀ ತಲೆ ಎತ್ತಿ ನೀನು ಹಾಕಿಸುವ ದಾರಿ ತೋರಿಸುವ ಬೋರ್ಡು ನೋಡಿ ನಿನಗೆ ಕತ್ತು ಹಿಡಿಯುವುದು, ದಿನವಿಡೀ ತಲೆ ತಗ್ಗಿಸಿ ಓದಿ ನನಗೆ ಹಿಡಿಯುವುದು, ಇಬ್ಬರನ್ನೂ ಸೇರಿಸಿ ಅರೆದರೆ ನೆಟ್ಟಗಿರುವ ಒಬ್ಬ ಮಗಳು ಸಿಗಬಹುದು ಎಂದು ಅಮ್ಮ ನಗುತ್ತಿದ್ದಳು. ವಿಮಾನ ನಿಲ್ದಾಣದ ಪಾರ್ಕಿಂಗ್ ಕಟ್ಟಡದ ಕೆಲಸ ಎಲ್ಲಿಗೆ ಬಂತು? ನಾನು ಚೆನ್ನಾಗಿದ್ದೇನೆ. ಇಲ್ಲಿ ಬೇರೆ ಹುಡುಗಿಯರೆಲ್ಲ ಮೊದಲ ತಿಂಗಳು ದಿಂಬು ನೆನೆಸಿದರು. ನಾನು ನಾಲ್ಕನೇ ಕ್ಲಾಸಿನಿಂದ ಹಾಸ್ಟೆಲಿನ ಕಬ್ಬಿಣದ ಮಂಚದ ಮೇಲೇ ಉದ್ದವಾದವಳು, ಬಕೆಟ್ಟಿಗೆ ಗುರುತು ಹಾಕುವುದರಲ್ಲಿ ಅವರಿಗೆಲ್ಲ ನಾನೇ ಗುರು. ರೂಮಿನಲ್ಲಿ ಜೊತೆಗಿರುವವಳನ್ನು ಎಲ್ಲರೂ ರೇಡಿಯೋ ಎಂದು ಕರೆಯುತ್ತಾರೆ. ಬಾಯಿ ಮುಚ್ಚುವುದಿಲ್ಲ, ಯಾರ ದನಿ ಬೇಕಾದರೂ ತೆಗೆಯುತ್ತಾಳೆ. ವಾರ್ಡನ್ ದನಿ ತೆಗೆದು ಬಾತ್‌ರೂಮಿನಲ್ಲಿದ್ದವರನ್ನೆಲ್ಲ ಅರ್ಧ ಸ್ನಾನಕ್ಕೆ ಹೊರಗೆ ಕರೆಸಿದ್ದಾಳೆ. ಒಳ್ಳೆಯವಳು. ಅವಳ ವಿಷಯ ಮುಂದೆ ಬರುತ್ತದೆ.

ನೀನು ಹೇಳಿದ ಹಾಗೆ ಬುಧವಾರ ಮುಂದಿನ ಸಾಲಿನಲ್ಲೇ ಕೂತಿದ್ದೆ. "ನಿಮ್ಮ ಕಾಲೇಜಿಗೆ ನನ್ನ ಪಾಠದ ರೆಕಾರ್ಡಿಂಗ್ ಕಳಿಸಿದೀನಿ ಕಣೇ, ಮುಂದೆ ಕೂತ್ಕೋ, ಹಿಂದೆ ಕೂತು ನಿದ್ದೆ ಹೊಡೀಬೇಡ" ಅಂದಿದ್ದೆ. ಬೆಳಿಗ್ಗೆ ಎದ್ದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡದ್ದು ನೋಡಿ ರೇಡಿಯೋ, "ಪರದೆ ಮೇಲೆ ಬರೋರಿಗೆ ನೀನು ಕಾಣ್ತೀಯೇನೇ?" ಎಂದು ರೇಗಿಸಿದಳು. ನಾನು ಯಾರಿಗೂ ಹೇಳಿರಲಿಲ್ಲ. ಪಾಠ ಮುಗಿದು ದೀಪ ಹತ್ತಿದ ಮೇಲೆ ಎದ್ದು ನಿಂತು, ದೊಡ್ಡ ವಿಷಯವೇ ಅಲ್ಲ ಎನ್ನುವ ಹಾಗೆ, ಅವರು ನಮ್ಮಕ್ಕ ಎಂದು ಹೇಳಿಬಿಡುವುದು ಎಂದುಕೊಂಡಿದ್ದೆ. ಆ ಒಂದು ಮಾತನ್ನು ಕನ್ನಡಿ ಮುಂದೆ ಪ್ರಾಕ್ಟೀಸ್ ಬೇರೆ ಮಾಡಿದ್ದೆ. ಕ್ಲಾಸಿನಲ್ಲಿ ನಾನು ಬಾಯಿ ತೆರೆಯುವುದು ಹಾಜರಿ ಕೂಗಿದಾಗ ಮಾತ್ರ ಎಂದು ನಿನಗೂ ಗೊತ್ತು. ಅಂಥವಳಿಗೆ ಇದೊಂದು ಮಾತು ಸಿಕ್ಕಿತ್ತು.

ಪಾಠ ಬಹಳ ಚೆನ್ನಾಗಿತ್ತು ಅಕ್ಕಾ, ಆ ವಿಷಯದಲ್ಲಿ ಮೋಸ ಮಾಡಲಾರೆ. ದೊಡ್ಡ ಪಾರ್ಕಿಂಗ್ ಕಟ್ಟಡದಲ್ಲಿ ಕಾರು ಓಡಿಸುವವರು ಒಬ್ಬರು, ಅದೇ ಕಾರಿನಿಂದ ಇಳಿದವರು ಇನ್ನೊಬ್ಬರು, ಇಬ್ಬರೂ ಒಂದೇ ಅಂಗಿ ತೊಟ್ಟಿರುತ್ತಾರೆ ಅಷ್ಟೇ ಎಂದೆಯಲ್ಲ, ಇಡೀ ಕ್ಲಾಸು ನಕ್ಕಿತು. ಓಡಿಸುವವರಿಗೆ ತಿರುವು ಬರುವ ಮೊದಲೇ ಬೋರ್ಡು ಕಾಣಬೇಕು, ತಿರುವಿನಲ್ಲಿ ಕಂಡರೆ ಅದು ಬೋರ್ಡಲ್ಲ, ಬೈಗುಳ ಎಂದೆ. ಛಾವಣಿ ತಗ್ಗು, ತೊಲೆಯ ಹಿಂದೆ ಬೋರ್ಡು ಮುಚ್ಚಿಹೋಗುತ್ತದೆ, ಆದ್ದರಿಂದ ಕಾರಿನ ಸೀಟಿನ ಎತ್ತರಕ್ಕೆ ಸ್ಟೂಲು ಹಾಕಿ ಕೂತು ನೋಡದೆ ಯಾವ ಬೋರ್ಡನ್ನೂ ತೂಗುಹಾಕಬಾರದು ಎಂದೆ. ಹಸಿರು ಕೆಂಪು ಬೇರೆಬೇರೆಯಾಗಿ ಕಾಣದವರೂ ಇರುತ್ತಾರೆ, ಬಣ್ಣದ ಜೊತೆ ಒಂದು ಅಕ್ಷರ, ಅಕ್ಷರದ ಜೊತೆ ಒಂದು ಚಿತ್ರ ಇರಲಿ, ದೊಡ್ಡವರು ಮರೆತರೂ ಮಗು "ಬಾತುಕೋಳಿ ಹತ್ತಿರ ನಿಲ್ಸಿದ್ವಿ" ಎನ್ನುತ್ತದೆ ಎಂದೆ. ನಮ್ಮ ಮೇಡಂ ಅಷ್ಟು ಸುಲಭಕ್ಕೆ ತಲೆಯಾಡಿಸುವವರಲ್ಲ, ಅವರೂ ತಲೆಯಾಡಿಸುತ್ತಿದ್ದರು. ನನಗೆ ಎದೆಯಲ್ಲಿ ಜಾಗ ಸಾಲುತ್ತಿರಲಿಲ್ಲ. ಆಮೇಲೆ ನೀನು ಹೇಳಿದೆ: "ದಾರಿ ತಪ್ಪಿದವರ ಹಿಂದೆ ಹೋಗಿ. ಆದರೆ ಬಾಯಿ ಬಿಡಬೇಡಿ. ನೀವು ದಾರಿ ಹೇಳಿಕೊಟ್ಟ ಕ್ಷಣ ನಿಮ್ಮ ಬೋರ್ಡಿನ ತಪ್ಪು ಮುಚ್ಚಿಹೋಗುತ್ತದೆ." ನಾನು ಅದನ್ನು ಬರೆದುಕೊಂಡು ಸ್ಕೇಲಿಟ್ಟು ಅಡಿಗೆರೆ ಎಳೆದೆ.

ಆಮೇಲೆ "ಈಗ ಒಬ್ಬ ಬಳಕೆದಾರಳನ್ನು ನೋಡೋಣ" ಎಂದೆ.

ಪರದೆಯ ಮೇಲೆ ಬೂದುಬಣ್ಣದ ಸ್ವೆಟರಿನ ಒಬ್ಬ ಹುಡುಗಿ, ಕಾರುಗಳ ಸಾಲಿನ ನಡುವೆ ಬೆನ್ನು ಹಾಕಿ ನಡೆಯುತ್ತಿದ್ದಳು. ಮುಖ ಈ ಕಡೆ ತಿರುಗಿದಾಗಲೆಲ್ಲ ಮಸುಕಾಗುತ್ತಿತ್ತು. ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡಿದ್ದಳು. ಪಾಪ, ಚಳಿ ಇರಬೇಕು ಎಂದುಕೊಂಡೆ. ನಿಜವಾಗಿ ಹಾಗೇ ಅಂದುಕೊಂಡೆ ಅಕ್ಕಾ, ಬೇರೆ ಯಾರೋ ಮಗುವನ್ನು ನೋಡಿದ ಹಾಗೆ. ಅವಳು ಒಂದು ಕಂಬದ ಹತ್ತಿರ ನಿಂತು, ಅದರ ಮೈ ಸವರಿ ನೋಡಿ, ಮುಂದಿನ ಕಂಬಕ್ಕೆ ಹೋದಳು. ಅಲ್ಲೂ ಹಾಗೇ. ಹಿಂದಿನಿಂದ ಯಾರೋ "ಕಂಬದ ಜೊತೆ ಮಾತಾಡ್ತಿದಾಳೆ ನೋಡ್ರೇ" ಅಂದರು. ನಾನೂ ನಕ್ಕೆ. ನಗು ಬಾಯಲ್ಲಿದ್ದಾಗಲೇ ಸ್ವೆಟರಿನ ಗುಂಡಿ ಕಂಡಿತು. ಬಿದ್ದುಹೋದ ಸಣ್ಣ ಗುಂಡಿಯ ಜಾಗದಲ್ಲಿ ಅಮ್ಮ ಹೊಲಿದುಕೊಟ್ಟಿದ್ದ ಕೋಟಿನ ದೊಡ್ಡ ಕಪ್ಪು ಗುಂಡಿ. ಅದಾದ ಮೇಲೆ ಆ ಹುಡುಗಿ "ಅಕ್ಕಾ" ಎಂದು ಕೂಗಿದಳು. ಆ ಜನವಿಲ್ಲದ ಕಟ್ಟಡದಲ್ಲಿ ದನಿ ನಾಲ್ಕು ಗೋಡೆಗೂ ಬಡಿದು ವಾಪಸು ಬಂತು. ಮುಖ ಮಸುಕು ಮಾಡುವಷ್ಟು ಕಾಳಜಿ ನಿನಗೆ ಇತ್ತು. ದನಿ ಹಾಗೇ ಬಿಟ್ಟಿದ್ದೆ.

ಆ ದಿನ ನನಗೆ ಹೇಗೆ ನೆನಪಿದೆ ಎಂದು ಒಮ್ಮೆ ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ಏಳನೇ ಕ್ಲಾಸಿನಲ್ಲಿ ಚಳಿಗಾಲದ ರಜೆಗೆ ಬಂದಿದ್ದೆ. ನಿನ್ನ ಸ್ವಂತದ ಮೊದಲ ಕೆಲಸ, ಆ ದೊಡ್ಡ ಅಂಗಡಿ ಸಂಕೀರ್ಣದ ಪಾರ್ಕಿಂಗ್ ಕಟ್ಟಡ. "ಬಾಲಂಗೋಚಿ ಇದೆಯಲ್ಲ, ಜೊತೆಗೆ ಕರ್ಕೊಂಡು ಹೋಗು, ಮನೇಲಿ ಕೂತು ಉಗುರು ಕಚ್ತಾಳೆ" ಎಂದು ಅಮ್ಮ ಕಳಿಸಿದಳು. ಬೋರ್ಡುಗಳೆಲ್ಲ ತೂಗಿದ್ದವು, ಕಂಬಗಳಿಗೆ ಅಕ್ಷರ ಬರೆದಾಗಿತ್ತು. ಕಾರಿನಲ್ಲಿ ಒಳಗೆ ಬರುವಾಗ ನೀನು ಕೇಳಿದೆ, ನಾನು ಜೋರಾಗಿ ಓದಿದೆ, ಕ, ಖ, ಗ. ಗ ಕಂಬದ ಪಕ್ಕ ನಿಲ್ಲಿಸಿದೆವು. ಲಿಫ್ಟಿನ ಹತ್ತಿರ ಬಂದ ಮೇಲೆ ನೀನು ಕೈಚೀಲ ತಡಕಿ, "ಅಯ್ಯೋ, ಅಳತೆ ಟೇಪು ಕಾರಲ್ಲೇ ಉಳೀತು. ತಗೊಂಡ್ಬಾರೇ. ನೀನು ನಡೀತಿರು, ನಾನು ಬಂದೆ" ಎಂದು ಕೀಲಿ ಕೊಟ್ಟೆ. ನಾನು ನಡೆದೆ. ತಿರುಗಿ ಬಂದರೆ ಒಂದು ಕಂಬದ ಮೇಲೂ ಅಕ್ಷರವಿಲ್ಲ. ಬಣ್ಣ ಬಳಿದವರು ಕಾರಿನವರಿಗೆ ಕಾಣುವ ಮುಖಕ್ಕೆ ಮಾತ್ರ ಬರೆದಿದ್ದರು, ಲಿಫ್ಟಿನ ಕಡೆಯಿಂದ ಬರುವವರಿಗೆ ಎಲ್ಲವೂ ಬೋಳು. ಕಂಬದ ಆಚೆ ಬದಿಗೆ ಹೋಗಿ ನೋಡಬೇಕೆಂದು ಈಗ ಗೊತ್ತು, ಆಗ ಹೊಳೆಯಲಿಲ್ಲ. ಕಟ್ಟಡವೇ ಬೇರೆ ಎನಿಸಿತು. ಲಿಫ್ಟಿಗೆ ಮರಳಿದರೆ ಅದು ಆ ಲಿಫ್ಟಲ್ಲ, ಅಂಥದ್ದೇ ಇನ್ನೊಂದು, ಅಂಥದ್ದೇ ಗೋಡೆ, ಅಂಥದ್ದೇ ಕಸದ ಬುಟ್ಟಿ, ನೀನಿಲ್ಲ. ಆಗ "ಹೊರಕ್ಕೆ" ಎಂಬ ಬೋರ್ಡು ಕಂಡಿತು, ಬಾಣದ ಗುರುತು ಹಿಡಿದು ಹೋದೆ. ಅದು ಕಾರುಗಳಿಗೆ ಬರೆದದ್ದು. ಇಳಿಜಾರಿನ ತಿರುವಿನಲ್ಲಿ ಕಾರೊಂದು ಹಾರ್ನ್ ಹೊಡೆದು ನನ್ನ ಮುಂದೆ ಕಿರ್ರೆಂದು ನಿಂತಿತು. ಒಳಗಿದ್ದವರು ಕಿಟಕಿಯಿಂದ ತಲೆ ಹಾಕಿ ಬೈದರು. ಗೋಡೆಗೆ ಅಂಟಿಕೊಂಡು ಹಾಗೇ ಕೆಳಗೆ ಕೂತೆ. ಆಮೇಲೆ ನೀನು ಬಂದೆ.

ನೀನು ಬಂದು ತಬ್ಬಿಕೊಂಡದ್ದು ನನಗೆ ಈಗಲೂ ಮೈಮೇಲೆ ಇದೆ. "ಎಲ್ಲೆಲ್ಲಿ ಹುಡುಕೋದೇ ನಿನ್ನ, ಮೂರು ಮಹಡಿ ಹತ್ತಿ ಇಳಿದೆ, ಉಸಿರೇ ನಿಂತುಹೋಯ್ತು ನಂಗೆ" ಎಂದೆ. ಮಷೀನಿನ ಬಿಸಿ ಚಾಕೊಲೇಟ್ ಕುಡಿಸಿದೆ. ಕಣ್ಣು ಒರೆಸಿ, ಅಮ್ಮನಿಗೆ ಕಾರಿನ ವಿಷಯ ಹೇಳುವುದು ಬೇಡ, ಹುಡುಕಿದ್ದು ಹೇಳೋಣ ಎಂದೆ. ಹೇಳಿದೆವು. ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಾಳೋ. ನಾವಿಬ್ಬರೂ ಯಾವುದಕ್ಕಾದರೂ ಜಗಳವಾಡಿ ಮುಖ ತಿರುಗಿಸಿಕೊಂಡರೆ ಸಾಕು, "ನಿಂಗೋಸ್ಕರ ಮೂರು ಮಹಡಿ ಓಡಿದವಳು ಕಣೇ ಅವಳು" ಎನ್ನುತ್ತಾಳೆ, ನಾನೇ ಸೋತುಬಿಡುತ್ತೇನೆ. ಆ ರಜೆ ಮುಗಿದು ಶಾಲೆಯ ಹಾಸ್ಟೆಲಿಗೆ ಮರಳಿದ ಮೇಲೆ ಎದೆ ಡವಡವ ಎಂದಾಗಲೆಲ್ಲ ನಾನು ನೆನೆಯುತ್ತಿದ್ದದ್ದು ಅದನ್ನೇ. ಪರೀಕ್ಷೆ ಹಾಲಿನ ಬಾಗಿಲಲ್ಲಿ, ದಂತವೈದ್ಯರ ಕುರ್ಚಿಯಲ್ಲಿ, ಹೊಸ ವಾರ್ಡನ್ ಬಂದ ದಿನ. ನಾನು ಕಾಣದೆ ಹೋದರೆ ನನ್ನ ಅಕ್ಕ ಮಹಡಿಯಿಂದ ಮಹಡಿಗೆ ಓಡುತ್ತಾಳೆ. ಅಷ್ಟು ಸಾಕಾಗುತ್ತಿತ್ತು. ಈ ಕಟ್ಟಡ ವಿನ್ಯಾಸದ ಕೋರ್ಸಿಗೆ ಯಾಕೆ ಸೇರುತ್ತೀಯ ಎಂದು ಸಂದರ್ಶನದಲ್ಲಿ ಮೇಡಂ ಕೇಳಿದಾಗಲೂ ಇದೇ ಕಥೆ ಹೇಳಿದೆ. ಯಾರ ಅಕ್ಕನೂ ಹಾಗೆ ಓಡಬೇಕಾಗದಂಥ ಕಟ್ಟಡ ಮಾಡಬೇಕು ಎಂದೆ. ನಾಲಿಗೆ ತೊದಲುವ ನಾನು, ಅದೊಂದನ್ನು ತೊದಲದೆ ಹೇಳಿದ್ದೆ. ಸೀಟು ಸಿಕ್ಕಿದ್ದು ಬಹುಶಃ ಅದಕ್ಕೇ.

ನೀನು ಓಡಲಿಲ್ಲ. ಹುಡುಕಲಿಲ್ಲ. ಕಳೆದುಹೋದದ್ದನ್ನು ತಾನೇ ಹುಡುಕುವುದು, ನಾನು ನಿನ್ನ ಕಣ್ಣಿನಿಂದ ಒಂದು ಗಳಿಗೆಯೂ ಕಳೆದಿರಲಿಲ್ಲ. ಟೇಪು ಕೂಡ ಕಾರಿನಲ್ಲಿ ಉಳಿದಿರಲಿಲ್ಲ ಅಲ್ಲವಾ? ನಿನ್ನ ಕೈಚೀಲದಲ್ಲೇ ಇದ್ದಿರಬೇಕು. ಬುಧವಾರದಿಂದ ನನಗೆ ತಲೆಯಲ್ಲಿ ತಿರುಗುತ್ತಿರುವುದು ಒಂದೇ ಮಾತು, ನೀನು ಅಂದ "ಬಂದೆ". ಇಂಗ್ಲಿಷಿನಲ್ಲಾದರೆ "ಬರುತ್ತೇನೆ" ಎನ್ನಬೇಕು, ಅದರಲ್ಲಿ ಬಾರದೆ ಇರುವುದಕ್ಕೂ ಒಂದಿಷ್ಟು ಸಂದಿ ಇರುತ್ತದೆ. ನಾವು ಇನ್ನೂ ಕುರ್ಚಿಯಿಂದ ಏಳದೆಯೇ "ಬಂದೆ" ಎನ್ನುತ್ತೇವೆ, ಆಗಲೇ ಬಂದು ಮುಟ್ಟಿದ ಹಾಗೆ. ಹಾಸ್ಟೆಲಿನಲ್ಲಿ ನಾನು ಇದನ್ನು ಗೆಳತಿಯರಿಗೆ ಹೆಮ್ಮೆಯಿಂದ ಹೇಳಿದ್ದೆ, ನಮ್ಮ ಭಾಷೆಯಲ್ಲಿ ಬರುವುದಕ್ಕೆ ತಡವೇ ಇಲ್ಲ ಎಂದು. ಅವತ್ತು ನಿನ್ನ ಮಾತು ವ್ಯಾಕರಣದ ಪ್ರಕಾರ ನೂರಕ್ಕೆ ನೂರು ಸರಿ. ನೀನು ನಿಜವಾಗಿಯೂ ಬಂದಿದ್ದೆ. ಕ್ಯಾಮೆರಾ ಹಿಡಿದು ನನ್ನ ಬೆನ್ನ ಹಿಂದೆಯೇ ಬಂದಿದ್ದೆ. ನಾನು ಬಾರದವಳನ್ನು ಕೂಗುತ್ತಿದ್ದೆ, ನೀನು ಬಂದು ನಿಂತು ಕೇಳುತ್ತಿದ್ದೆ. ಹುಟ್ಟಿದಾಗಿನಿಂದ ನಿನ್ನ ಹಿಂದೆ ಸುತ್ತಿದವಳು ನಾನು, ನೀನು ನನ್ನ ಹಿಂದೆ ಬಂದದ್ದು ಅದೊಂದೇ ದಿನ.

ದೀಪ ಹತ್ತಿದ ಮೇಲೆ ನಾನು ಎದ್ದು ನಿಲ್ಲಲಿಲ್ಲ. ಮೇಡಂ ಯಾರಿಗಾದರೂ ಪ್ರಶ್ನೆ ಇದೆಯಾ ಎಂದಾಗ ಎಲ್ಲರೂ ಆ ಹುಡುಗಿಯ ಬಗ್ಗೆಯೇ ಮಾತಾಡಿದರು. ಅಷ್ಟು ದೊಡ್ಡ ಹುಡುಗಿಗೆ ಹಿಂದೆ ತಿರುಗಿ ನೋಡೋಕೆ ಏನಾಗಿತ್ತು ಎಂದು ಒಬ್ಬಳು. ಅವಳಿಗೆ ಸ್ವಲ್ಪ ಬುದ್ಧಿ ಕಮ್ಮಿ ಇರಬಹುದು, ಅಂಥವರನ್ನಿಟ್ಟು ಪರೀಕ್ಷೆ ಮಾಡಿದರೆ ಫಲಿತಾಂಶ ಸರಿ ಬರುತ್ತಾ ಎಂದು ಇನ್ನೊಬ್ಬ. ಮೇಡಂ ಮಾತ್ರ, ತಪ್ಪು ಹುಡುಗಿಯದಲ್ಲ, ಕಂಬದ್ದು ಎಂದರು. ಒಳ್ಳೆಯ ಮಾತೇ, ಆದರೆ ನನ್ನ ಕಿವಿಗೆ ತಲುಪುವಷ್ಟರಲ್ಲಿ ತಣ್ಣಗಾಗಿತ್ತು. ಸಂಜೆ ರೂಮಿನಲ್ಲಿ ರೇಡಿಯೋ ಟವೆಲ್ ಹೊದ್ದು ತೋಳು ಮುಚ್ಚಿಕೊಂಡು, ಮಂಚದಿಂದ ಮಂಚಕ್ಕೆ ಹೋಗಿ ಕಬ್ಬಿಣದ ಕಾಲು ಸವರಿ "ಅಕ್ಕಾ, ಅಕ್ಕಾ" ಎಂದಳು. ಪಕ್ಕದ ರೂಮಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮಾಷೆಯೇನೆಂದರೆ ಅವಳಿಗೆ ದನಿ ತುಂಬ ಚೆನ್ನಾಗಿ ಬಂದಿತ್ತು. ಆರು ತಿಂಗಳಿಂದ ಅದೇ ದನಿಯ ಜೊತೆ ಒಂದೇ ರೂಮಿನಲ್ಲಿ ಮಲಗುತ್ತಾಳೆ, ಗುರುತು ಮಾತ್ರ ಸಿಗಲಿಲ್ಲ. ನಾನೂ ನಕ್ಕೆ. "ಇನ್ನೊಂದ್ಸಲ ಮಾಡೇ" ಎಂದೂ ಅಂದೆ. ಯಾಕಂದೆನೋ ಗೊತ್ತಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಮೇಡಂ ಅದೇ ವಿಡಿಯೋದ ಮೇಲೆ ಅಸೈನ್‌ಮೆಂಟ್ ಕೊಟ್ಟರು. ಕಟ್ಟಡದ ನಕ್ಷೆಯಲ್ಲಿ ಆ ಬಳಕೆದಾರಳು ನಡೆದ ದಾರಿಯನ್ನು ಗೆರೆ ಎಳೆದು ತೋರಿಸಬೇಕು, ಎಲ್ಲಿ ನಿಂತಳು, ಎಲ್ಲಿ ಅನುಮಾನಪಟ್ಟಳು, ಎಲ್ಲಿ ತಪ್ಪು ತಿರುವು ಹಿಡಿದಳು ಎಂದು ಗುರುತು ಹಾಕಬೇಕು, ಯಾವ ಜಾಗದಲ್ಲಿ ಯಾವ ಒಂದೇ ಒಂದು ಬೋರ್ಡು ಇದ್ದಿದ್ದರೆ ಸಾಕಾಗುತ್ತಿತ್ತು ಎಂದು ಬರೆಯಬೇಕು. ಎಲ್ಲರೂ ವಿಡಿಯೋವನ್ನು ಮತ್ತೆ ಮತ್ತೆ ನಿಲ್ಲಿಸಿ ನೋಡುತ್ತಿದ್ದಾರೆ. ನನಗೆ ನೋಡುವ ಅಗತ್ಯವೇ ಬೀಳಲಿಲ್ಲ. ನನ್ನ ಗೆರೆ ಎಷ್ಟು ಸರಿಯಾಗಿ ಬಂದಿದೆಯೆಂದರೆ ಇಡೀ ಕ್ಲಾಸಿಗೆ ಹೆಚ್ಚು ಅಂಕ ನನಗೇ ಬರಬೇಕು. ಆದರೆ ನಿಯಮದ ಪ್ರಕಾರ ವಿಡಿಯೋ ತೆಗೆಯುತ್ತಾ ನೋಡುತ್ತಿದ್ದವರು ನಿಂತ ಜಾಗವನ್ನೂ ಒಂದು ಸಣ್ಣ ತ್ರಿಕೋನ ಹಾಕಿ ತೋರಿಸಬೇಕಲ್ಲ, ಅದಕ್ಕಾಗಿ ನಾನೂ ಕೂತು ವಿಡಿಯೋ ನೋಡಿದೆ. ತ್ರಿಕೋನ ಮೊದಲು ಲಿಫ್ಟಿನ ಬಾಗಿಲಲ್ಲಿ, ಆಮೇಲೆ ಬಿಳಿ ವ್ಯಾನಿನ ಹಿಂದೆ, ಆಮೇಲೆ ಒಂದು ಕಂಬದ ಆಚೆ ಬದಿ. ಆ ಕಂಬದ ಈಚೆ ಬದಿಯನ್ನೇ ನಾನು ಸವರುತ್ತಿದ್ದೆ. ನಿನ್ನ ಮುಂದೆ ಇದ್ದ ಮುಖದಲ್ಲಿ ಅಕ್ಷರ ಇತ್ತು ಅಕ್ಕಾ. ನೀನು ಓದುತ್ತಾ ನಿಂತಿದ್ದೆ.

ನೀನು ಏನು ಹೇಳುತ್ತೀಯ ಎಂದು ನನಗೆ ಗೊತ್ತು, ನಿನ್ನ ಪರವಾಗಿ ನಾನೇ ಬೇಕಾದಷ್ಟು ವಾದ ಮಾಡಿ ನೋಡಿದ್ದೇನೆ. ಮೊದಲೇ ಹೇಳಿದ್ದರೆ ಅದು ಪರೀಕ್ಷೆಯೇ ಆಗುತ್ತಿರಲಿಲ್ಲ. ಸರಿ. ಆ ಕಟ್ಟಡದ ಕಂಬಗಳಿಗೆ ಈಗ ನಾಲ್ಕೂ ಮುಖದಲ್ಲಿ ಅಕ್ಷರ ಇದೆ, ಎರಡು ಲಿಫ್ಟಿಗೂ ಬೇರೆಬೇರೆ ಬಣ್ಣ ಇದೆ, ಕಾರಿಗೆ "ವಾಹನ ಹೊರಕ್ಕೆ" ನಡೆಯುವವರಿಗೆ "ಮೆಟ್ಟಿಲಿಗೆ ದಾರಿ" ಎಂದು ಬೇರೆ ಬೋರ್ಡು ಇದೆ. ಅದೂ ಸರಿ. ಯಾವುದೋ ಮಗು ಅಲ್ಲಿ ಅಳದೆ ಕಾರು ಹುಡುಕಿಕೊಂಡಿರುತ್ತದೆ. ಸಂತೋಷ. ಕಂಬದ ಹಿಂದೆ ನಿಂತದ್ದನ್ನು ಕೆಲಸ ಅಂದುಕೊಂಡು ಒಪ್ಪಿಕೊಳ್ಳಲು ನೋಡುತ್ತೇನೆ. ಆದರೆ ಚಾಕೊಲೇಟ್ ಕುಡಿಸುತ್ತಾ ಮೂರು ಮಹಡಿ ಹತ್ತಿ ಇಳಿದೆ ಎಂದೆಯಲ್ಲ, ಅದು ಯಾವ ಕೆಲಸ? ಪರೀಕ್ಷೆ ಆಗಲೇ ಮುಗಿದಿತ್ತು. ಆಗ "ತಪ್ಪಾಯ್ತು ಪುಟ್ಟಿ, ನಿನ್ನನ್ನೇ ನೋಡ್ತಾ ಇದ್ದೆ" ಅಂದಿದ್ದರೆ ಅವತ್ತು ನಿನ್ನ ಕೈ ಕಚ್ಚಿ, ಊಟ ಬಿಟ್ಟು, ಮರುದಿನ ಮರೆಯುತ್ತಿದ್ದೆ. ಹನ್ನೆರಡು ವರ್ಷದವಳಿಗೆ ಮರೆಯುವುದು ಸುಲಭ. ನೀನು ಹೇಳಲಿಲ್ಲ. ಬದಲಿಗೆ ಹಿಡಿದುಕೊಳ್ಳಲು ಒಂದು ಕಥೆ ಕೊಟ್ಟೆ, ನಾನು ಇಷ್ಟು ವರ್ಷ ಹಿಡಿದುಕೊಂಡೇ ನಡೆದೆ. ಅದು ಗೋಡೆಗೆ ಮೊಳೆಯೇ ಹೊಡೆಯದೆ ಅಂಟಿಸಿದ ಮೆಟ್ಟಿಲ ಕಂಬಿ ಎಂದು ಯಾರಿಗೆ ಗೊತ್ತಿತ್ತು.

ಇನ್ನೊಂದಿದೆ, ಅದನ್ನು ಬರೆಯಲೋ ಬೇಡವೋ ಎಂದು ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಮುಂದೆ ಕೂತ್ಕೋ ಎಂದು ನೀನೇ ಹೇಳಿದ್ದೆ. ಅಂದರೆ ನಾನು ನೋಡುತ್ತೇನೆ ಎಂದು ನಿನಗೆ ಗೊತ್ತಿತ್ತು. ನಾನು ಎರಡು ದಿನ ಇದನ್ನೇ ತಿರುವಿ ಹಾಕಿದೆ. ನನ್ನನ್ನು ನೋಯಿಸಬೇಕು ಎಂದು ಹಾಗೆ ಮಾಡುವವಳಲ್ಲ ನೀನು. ನಿನಗೆ ನೆನಪೇ ಇರಲಿಲ್ಲ, ಅಷ್ಟೇ. ಪಾಠ ಕಟ್ಟುವಾಗ ಯಾವುದೋ ಹಳೆಯ ಫೈಲು ತೆರೆದಿರುತ್ತೀಯ, ಬಳಕೆದಾರಳು ಎಂದು ಹೆಸರಿಟ್ಟದ್ದು, ಉದಾಹರಣೆಗೆ ಚೆನ್ನಾಗಿದೆ ಎಂದು ಹಾಕಿರುತ್ತೀಯ. ಆ ಸ್ವೆಟರಿನೊಳಗೆ ಇರುವುದು ಯಾರೆಂದು ನಿನಗೆ ಹೊಳೆಯಲೇ ಇಲ್ಲ. ಬೇಕೆಂದೇ ಹಾಕಿದ್ದೆ ಎಂದಿದ್ದರೂ ನನಗೆ ಇಷ್ಟು ಆಗುತ್ತಿರಲಿಲ್ಲವೇನೋ.

ವಿಡಿಯೋದಲ್ಲಿ ಕಾರು ಹಾರ್ನ್ ಹೊಡೆದಾಗ ಚಿತ್ರ ಒಮ್ಮೆ ಅಲುಗಾಡುತ್ತದೆ. ನೆಲ ಕಾಣುತ್ತದೆ, ನಿನ್ನ ಬೂಟಿನ ತುದಿ ಕಾಣುತ್ತದೆ, ಒಂದು ಹೆಜ್ಜೆ ಮುಂದಿಟ್ಟ ಹಾಗೆ. ಮೊದಲ ಸಲ ನೋಡಿದಾಗ ನನಗೆ ಎಷ್ಟು ಸಮಾಧಾನವಾಯಿತೋ, ನೋಡು ಅಕ್ಕ ಓಡಿದಳು ಎಂದು. ಓಡಲಿಲ್ಲ. ಚಿತ್ರ ಮತ್ತೆ ಮೇಲೆದ್ದು ನೆಟ್ಟಗಾಗುತ್ತದೆ, ಚೌಕಟ್ಟಿನ ಸರಿಯಾಗಿ ನಡುವೆ ಗೋಡೆಗೆ ಒರಗಿ ಕೂತ ಹುಡುಗಿ. ಆಮೇಲೂ ಒಂದಷ್ಟು ಹೊತ್ತು ಹಾಗೇ ಇದೆ. ಅಲುಗಾಡಿದ ಕೈ ನನ್ನ ಅಕ್ಕನದು, ಅದನ್ನು ನಾನು ಬಲ್ಲೆ. ನೆಟ್ಟಗೆ ಮಾಡಿಕೊಂಡ ಕೈ ಯಾರದು ಎಂದು ಬುಧವಾರದಿಂದ ಯೋಚಿಸುತ್ತಿದ್ದೇನೆ.

ಇನ್ನು ಬರೆಯಲಾರೆ, ಊಟದ ಗಂಟೆ ಹೊಡೆದು ಆಗಲೇ ಬಹಳ ಹೊತ್ತಾಯಿತು, ರೇಡಿಯೋ ನನ್ನ ತಟ್ಟೆ ಹಿಡಿದುಕೊಂಡು ಕಾಯುತ್ತಿರುತ್ತಾಳೆ. ಅಮ್ಮನಿಗೆ ಈ ಕಾಗದ ತೋರಿಸಬೇಡ. ಮೂರು ಮಹಡಿಯ ಕಥೆ ಅವಳ ಹತ್ತಿರ ಹಾಗೇ ಇರಲಿ, ಅವಳಿಗೆ ಅದು ಬೇಕು. ಅವಳ ಕಾಲಿಗೆ ನನ್ನ ನಮಸ್ಕಾರ, ಅದೇ ನೋಯುವ ಕಾಲಿಗೆ ಒಂದು ಹೆಚ್ಚು. ನಿನ್ನ ಕತ್ತಿಗೆ ಬಿಸಿನೀರಿನ ಚೀಲ ಇಟ್ಟುಕೋ, ಹೊತ್ತಿಗೆ ಸರಿಯಾಗಿ ತಿನ್ನು. ಕೋಪವಿದ್ದರೂ ಇದನ್ನೆಲ್ಲ ಬರೆಯಬೇಕೆನಿಸುತ್ತದೆ, ಏನು ಮಾಡಲಿ.

ಈಗಲೂ ನಿನ್ನ ತಂಗಿ,
ಪುಟ್ಟಿ

ಮತ್ತೆ: ಮರೆತಿದ್ದೆ. ಮರೆತಿರಲಿಲ್ಲ, ಧೈರ್ಯ ಸಾಲಲಿಲ್ಲ. ಇಪ್ಪತ್ತೊಂದಕ್ಕೆ ನೀನೇ ಕಾಲೇಜಿಗೆ ಬರುತ್ತಿದ್ದೀಯ ಎಂದು ಮೇಡಂ ನಿನ್ನೆ ಹೇಳಿದರು, ಎಲ್ಲರ ನಕ್ಷೆ ನೋಡಲು, ವಿಡಿಯೋ ಮತ್ತೆ ಹಾಕಿ ಪ್ರಶ್ನೆಗಳಿಗೆ ಉತ್ತರ ಹೇಳಲು. ಅತಿಥಿಯನ್ನು ಪರಿಚಯ ಮಾಡಿಕೊಡುವ ಕೆಲಸ ನನಗೆ ಬಿದ್ದಿದೆ. "ಬಾಯಿ ತೆರೆಯದವರಿಂದಲೇ ಮಾತಾಡಿಸಬೇಕು" ಎಂದರು, ನೀನು ಯಾರೆಂದು ಅವರಿಗೆ ಗೊತ್ತಿಲ್ಲ. ಆ ಹುಡುಗಿ ಯಾರು, ಅವಳಿಗೆ ಹೇಳದೆ ಮಾಡಿದೆ, ಆಮೇಲೆ ಸುಳ್ಳು ಹೇಳಿದೆ ಎಂದು ನೀನು ಅವರೆಲ್ಲರ ಮುಂದೆ ಹೇಳುವುದಾದರೆ ನಾನು ಮೈಕಿನಲ್ಲಿ ಇವರು ನನ್ನ ಅಕ್ಕ ಎನ್ನುತ್ತೇನೆ. ಹೇಳುವುದಿಲ್ಲ ಎಂದರೆ ನಿನ್ನ ಓದು, ನಿನ್ನ ಕೆಲಸ ಇಷ್ಟನ್ನು ಓದಿ, ಯಾರೋ ಅತಿಥಿ ಬಂದ ಹಾಗೆ, ಹಿಂದಿನ ಸಾಲಿಗೆ ಹೋಗಿ ಕೂರುತ್ತೇನೆ. ಎರಡರಲ್ಲಿ ಯಾವುದು? ಫೋನ್ ಮಾಡಬೇಡ, ಮಾಡಿದರೆ ನಾನು ಮತ್ತೆ ಒಣಗದ ಬಟ್ಟೆಯ ವಿಷಯ ಹೇಳುತ್ತೇನೆ. ಒಂದೇ ಸಾಲು ಸಾಕು, ಬೇಗ ಬರೆದು ಕಳಿಸು.